ಒಂದೇ ಇಲಿ, 100 ಮೈಕ್ರೋಲೀಟರ್ ಪ್ಲಾಸ್ಮಾ: ನನ್ನ ಅನುಭವ

ನಾಲ್ಕೈದು ಇಲಿಗಳ ಪ್ಲಾಸ್ಮಾ ಬೆರೆಸದೆ ಎಚ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟ್ರಾಲ್ ಸಾಗಿಸುವ ಕಣ) ಬೇರೆ ಮಾಡೋಕೆ ಆಗಲ್ಲ ಅಂತ ಲ್ಯಾಬ್‌ನಲ್ಲಿ ಎಲ್ಲರೂ ಹೇಳಿದ್ದರು. ನಮ್ಮ ಗೈಡ್ ಕೂಡ. ಈಗ ಒಂದೊಂದೇ ಇಲಿಯದ್ದು ಮಾಡುತ್ತಿದ್ದೇನೆ. ಇಲ್ಲಿಗೆ ಬರೋಕೆ ಒಂದೂವರೆ ವರ್ಷ, ಎರಡು ಲಕ್ಷದ ಹತ್ತಿರ ಹತ್ತಿರ ದುಡ್ಡು ಹೋಗಿದೆ.

ಮೊದಲ ಪೆಟ್ಟು ಇಡಿಟಿಎಯಿಂದ, ರಕ್ತ ಹೆಪ್ಪುಗಟ್ಟದಂತೆ ಟ್ಯೂಬ್‌ನಲ್ಲಿ ಹಾಕಿರುವ ರಾಸಾಯನಿಕ ಅದು. ಉರಿಯೂತ ಬರಿಸೋಕೆ ಎಲ್‌ಪಿಎಸ್ (ಬ್ಯಾಕ್ಟೀರಿಯಾ ಹೊರಪೊರೆಯ ವಸ್ತು) ಕೊಟ್ಟು 24 ಗಂಟೆಗೆ ರಕ್ತ ತೆಗೆದು, ಎಚ್‌ಡಿಎಲ್ ಮೇಲಿರುವ ಪ್ಯಾರಾಕ್ಸೊನೇಸ್ ಎಂಬ ಕಿಣ್ವ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಿದೆ. ಸೊನ್ನೆ! ಉರಿಯೂತ ಎಂಥ ಕೆಲಸ ಮಾಡಿದೆ ಅಂತ ಹಿಗ್ಗಿದೆ. ಆಮೇಲೆ ನೋಡಿದರೆ ಹೋಲಿಕೆಗೆ ಬರೀ ಉಪ್ಪುನೀರು ಕೊಟ್ಟ ಸಲೈನ್ ಇಲಿಗಳಲ್ಲೂ ಸೊನ್ನೆ. ಆ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನೇ ಹಿಡಿದಿಡುತ್ತದೆ. ಪರೀಕ್ಷೆಗೆ ಬರೆದ ವಿಷಯವೇ, ಟ್ಯೂಬ್ ಎತ್ತಿಕೊಳ್ಳುವಾಗ ನೆನಪಾಗಲಿಲ್ಲ. ಹದಿನಾರೋ ಹದಿನೆಂಟೋ ಇಲಿ ದಂಡ. ಅಂದಿನಿಂದ ಇಡಿಟಿಎ ಬದಲು ಹೆಪಾರಿನ್.

ಎಚ್‌ಡಿಎಲ್ ಬೇರೆ ಮಾಡೋಕೆ ಪೊಟ್ಯಾಸಿಯಂ ಬ್ರೋಮೈಡ್ ಉಪ್ಪು ಹಾಕಿ ಅಲ್ಟ್ರಾಸೆಂಟ್ರಿಫ್ಯೂಜ್ ತಿರುಗಿಸಿದ್ದೂ ಆಯಿತು. ಅಷ್ಟು ಉಪ್ಪು, ಅಷ್ಟು ಹೊತ್ತಿನ ತಿರುಗಾಟಕ್ಕೆ ಎಚ್‌ಡಿಎಲ್ ಮೇಲಿನ ಪ್ರೋಟೀನ್‌ಗಳೇ ಕಳಚಿಕೊಳ್ಳುತ್ತವೆ. ಅದನ್ನು ಬಿಟ್ಟು ಪಕ್ಕದ ಲ್ಯಾಬ್‌ನ ಹಳೇ ಸೂಪರೋಸ್ 6 ಕಾಲಮ್ (ಕಣಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಕೊಳವೆ) ಕಾಡಿಬೇಡಿ ತಂದೆ. ಅದರಿಂದ ಒಂದೊಂದಾಗಿ ಹಿಡಿದಿಡುವ ಫ್ರ್ಯಾಕ್ಷನ್‌ಗಳು ತೆಳುವಾಗದಿರಲು ಒಂದು ಉಪಾಯ ಇದೆ. ಪೇಪರ್ ಬರಲಿ, ಆಮೇಲೆ ಹೇಳುತ್ತೇನೆ.

ಇನ್ನು ಎಸ್‌ಎಎ, ಉರಿಯೂತ ಬಂದಾಗ ರಕ್ತದಲ್ಲಿ ಏರುವ ಪ್ರೋಟೀನ್. ಜೆಲ್‌ನಲ್ಲಿ ಕಾಣಲೇ ಇಲ್ಲ. "ಏರೇ ಇಲ್ಲ ಬಿಡಿ" ಅಂದರು ಸರ್. ಐವತ್ತು ಸಾವಿರ ಚಿಲ್ಲರೆ ಕೊಟ್ಟು ಅದನ್ನು ಅಳೆಯುವ ಎಲೈಸಾ ಕಿಟ್ ತರಿಸಿದೆ. ಅರ್ಧ ಪ್ಲೇಟ್ ಸ್ಟ್ಯಾಂಡರ್ಡ್ ಗೆರೆ ದಾಟಿಹೋಯಿತು, ಇನ್ನೂ ಎಷ್ಟೋ ಪಟ್ಟು ಡೈಲ್ಯೂಟ್ ಮಾಡಬೇಕಿತ್ತು. ಏರದೆ ಏನು! ಬರೀ 12 ಕಿಲೋಡಾಲ್ಟನ್ ಪ್ರೋಟೀನ್, ನನ್ನ 10% ಜೆಲ್‌ನಿಂದ ಕೆಳಗೆ ಓಡಿಹೋಗುತ್ತಿತ್ತು, ಅಷ್ಟೆ. 15% ಜೆಲ್, 0.2 ಮೈಕ್ರಾನ್ ಮೆಂಬ್ರೇನ್ ಹಾಕಿದ ಮೇಲೆ ಎಚ್‌ಡಿಎಲ್ ಫ್ರ್ಯಾಕ್ಷನ್‌ಗಳಲ್ಲೇ ದಪ್ಪ ಬ್ಯಾಂಡ್ ಬಂತು. ಅದೇ ಫ್ರ್ಯಾಕ್ಷನ್‌ಗಳಲ್ಲಿ ಎಚ್‌ಡಿಎಲ್‌ನ ಮುಖ್ಯ ಪ್ರೋಟೀನ್ ಎಪೋ ಎ-1 ಕಮ್ಮಿಯಾಗಿತ್ತು. ಪ್ಯಾರಾಕ್ಸೊನೇಸ್ ಮೂರನೇ ಒಂದು ಭಾಗ ಕಮ್ಮಿ ಅಂತ ನೆನಪು.

ಒಂದು ಸಲೈನ್ ಇಲಿಯಲ್ಲೂ ಎಸ್‌ಎಎ ಬಂದು ತಲೆ ಕೆಡಿಸಿತು. ಬೆನ್ನು ನೋಡಿದರೆ ಕಚ್ಚಿದ ಗಾಯ! ಗಂಡು ಇಲಿಗಳು ಪಂಜರದಲ್ಲಿ ಕಾದಾಡಿದ್ದವು. ಸುಮ್ನೆ ಕುತೂಹಲಕ್ಕೆ ಗಾಯವಾದ ಇನ್ನೂ ಮೂರರ ರಕ್ತ ನೋಡಿದೆ, ಎರಡರಲ್ಲಿ ಬ್ಯಾಂಡ್ ಇತ್ತು. ಈಗ ಸೂಜಿ ಹಾಕುವ ಮೊದಲು ಪ್ರತಿ ಇಲಿಯ ಬೆನ್ನು, ಬಾಲ ನೋಡುತ್ತೇನೆ. ಎಲ್‌ಪಿಎಸ್ ಇಲಿಗಳು ಹೇಗೂ ತಿನ್ನಲ್ಲ, ಹಾಗಾಗಿ ಸಲೈನ್ ಇಲಿಗಳ ಆಹಾರವನ್ನೂ ತೆಗೆದಿಡುತ್ತೇನೆ. ಇಲ್ಲದಿದ್ದರೆ ಟ್ರೈಗ್ಲಿಸರೈಡ್ ಲೆಕ್ಕಕ್ಕೆ ಅರ್ಥವೇ ಇಲ್ಲ, ಅಲ್ವಾ?

ಹಳೇ ಎಲ್‌ಪಿಎಸ್ ಬಾಟಲಿ ಹೋದ ವಾರ ಮುಗಿಯಿತು. ಹೊಸ ಲಾಟ್ ಜಾಸ್ತಿ ಖಾರ ಇದ್ದಂತಿದೆ, ಡೋಸ್ ಮತ್ತೆ ಮೊದಲಿಂದ ನೋಡಬೇಕು.