ಕಡಪಾ ಕಲ್ಲಿನ ಮೇಲೆ ‘ಈ ದಿನ’: ನನ್ನ ಅನುಭವ

ಅಂಕೋಲೆ ಪೇಟೆಯಲ್ಲಿ ನನ್ನ ಸ್ಟೇಷನರಿ ಅಂಗಡಿ ಮುಂದೆ ದಿನಾ ಬೆಳಿಗ್ಗೆ ‘ಈ ದಿನ’ದ ಬೋರ್ಡು, ಅಂದರೆ ಹಿಂದೆ ಇದೇ ತಾರೀಕಿಗೆ ಏನೇನಾಯಿತು ಅನ್ನುವುದನ್ನು ಬರೆಯುತ್ತೇನೆ. ಶುರು ಮಾಡಿದಾಗ ‘ಎಲ್ಲಾ ಮೊಬೈಲಿನಲ್ಲೇ ಬರುತ್ತೆ ಮಾರಾಯ, ನಿನ್ನ ಬೋರ್ಡು ಯಾರು ಓದ್ತಾರೆ?’ ಎಂದವರೇ ಜಾಸ್ತಿ. ಈಗ ಸುತ್ತಲಿನ ನಾಲ್ಕೈದು ಶಾಲೆಗಳ ಮಾಸ್ತರರು, ಅಕ್ಕೋರುಗಳು ಪ್ರಾರ್ಥನೆಗೆ ಮುಂಚೆ ಅದರ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ವಾಚನಾಲಯ, ಶಾಲೆಗಳಲ್ಲಿ ಇದೇ ಕೆಲಸ ಮಾಡುವವರು ಹೇಗೆ ನಿಭಾಯಿಸ್ತೀರಿ ಅಂತ ಕೇಳುತ್ತಾರೆ. ಇದು ಅವರಿಗಾಗಿ.

ಮೊದಲು ದುಡ್ಡು ಹೋದ ಕಥೆ. ಆರಂಭದಲ್ಲಿ ತಿಂಗಳಿಗೊಂದು ಫ್ಲೆಕ್ಸ್ ಮಾಡಿಸಿದೆ, ಒಂದಕ್ಕೆ ಐದಾರು ನೂರು ರೂಪಾಯಿ. ಮೂವತ್ತು ದಿನದ್ದೂ ಒಟ್ಟಿಗೆ ಕಂಡರೆ ಜನ ಒಂದನ್ನೂ ಓದುವುದಿಲ್ಲ. ಆಮೇಲೆ ಪ್ಲೈವುಡ್ಡಿಗೆ ಕಪ್ಪು ಬಣ್ಣ ಬಳಿಸಿದೆ. ಜೂನ್ ಮಳೆಗೆ ಅಂಚು ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡಿತು. ತಗಡಿನ ಬೋರ್ಡು ತಂದೆ, ಸಮುದ್ರದ ಗಾಳಿಗೆ ತುಕ್ಕು ಹಿಡಿಯಿತು. ಎಲ್ಲ ಸೇರಿ ಏಳೆಂಟು ಸಾವಿರ ನೀರುಪಾಲು. ಕೊನೆಗೆ ಗೆದ್ದಿದ್ದು ಕಡಪಾ ಕಲ್ಲು. ಯಾರದೋ ಅಡುಗೆಕಟ್ಟೆಗೆ ಹಾಸಿ ಉಳಿದ ತುಂಡು, ಪಾಲಿಶ್ ಆಗದ್ದು, ಮುನ್ನೂರು ರೂಪಾಯಿಗೆ ಸಿಕ್ಕಿತು. ಎಷ್ಟು ಮಳೆ ಹೊಡೆದರೂ ಒರೆಸಿದರೆ ಮತ್ತೆ ಕಪ್ಪು. ಬಳಪವನ್ನು ಹಿಂದಿನ ರಾತ್ರಿ ಒಂದು ನೀರಿನಲ್ಲಿ ನೆನೆಸಿಡುತ್ತೇನೆ. ಬಸ್ಸಿನಲ್ಲಿ ಕೂತವರಿಗೂ ಅಕ್ಷರ ಎದ್ದು ಕಾಣುತ್ತದೆ. ಆ ನೀರಿಗೆ ಏನು ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಬರೆಯುವುದು ಮೂರೇ ಸಾಲು. ಒಂದು ಜನನ, ಒಂದು ಮರಣ, ಒಂದು ಘಟನೆ ಎಂಬ ಲೆಕ್ಕ ಬಿಟ್ಟುಬಿಟ್ಟೆ. ಒಂದು ಸಾಲಾದರೂ ನಮ್ಮ ಸುತ್ತಲಿನದ್ದಿರಬೇಕು, ಉಳಿದವು ಅದಕ್ಕೆ ಒಗ್ಗಬೇಕು. ಇನ್ನೊಂದು ಗುಟ್ಟು ಬಣ್ಣದ್ದು. ಯಾರೋ ಬೇಕಂತಲೇ ಆರಿಸಿದ ದಿನಕ್ಕೆ ಹಳದಿ ಬಳಪ, ತಾನಾಗಿ ಕೂಡಿಬಂದ ದಿನಕ್ಕೆ ಬಿಳಿ. ಜನ ತಡೆದು ನಿಲ್ಲುವುದು ಇದಕ್ಕೇ.

ಏಪ್ರಿಲ್ 13 ನೋಡಿ. 1919ರಲ್ಲಿ ಜಲಿಯನ್‌ವಾಲಾಬಾಗ್. 1930ರಲ್ಲಿ ಇದೇ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯಿದೆ ಮುರಿದರು. 1919ರ ಆ ದಿನಗಳ ನೆನಪಿಗೆ ಏಪ್ರಿಲ್ 6ರಿಂದ 13ರ ತನಕ ಆಗ ರಾಷ್ಟ್ರೀಯ ಸಪ್ತಾಹ ಆಚರಿಸುತ್ತಿದ್ದರು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದೂ 6ಕ್ಕೇ. ಹಾಗಾಗಿ ಅಂಕೋಲೆಯ ಸಾಲಿಗೆ ಹಳದಿ. ಜನವರಿ 26ಕ್ಕೂ ಹಾಗೇ. 1930ರ ಪೂರ್ಣ ಸ್ವರಾಜ್ಯ ದಿನ ನೆನಪಿಟ್ಟುಕೊಂಡೇ 1950ರಲ್ಲಿ ಗಣರಾಜ್ಯಕ್ಕೆ ಆ ದಿನ ಆರಿಸಿದರು. ಕೊಂಕಣ ರೈಲಿನ ಪೂರ್ತಿ ಹಾದಿಯಲ್ಲಿ ಮೊದಲ ಗಾಡಿ ಬಿಟ್ಟಿದ್ದೂ 1998ರ ಜನವರಿ 26. ಎರಡೂ ಹಳದಿ. ಆದರೆ ಹಳಿಯಾಳದ ಆಚೆ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಅದೇ ದಿನ. ಅದು ಅಪ್ಪಟ ಬಿಳಿ.

ನನಗೆ ಹೆಮ್ಮೆ ತಂದಿದ್ದು ಆಗಸ್ಟ್ 7. ಟಾಗೋರರು ತೀರಿಕೊಂಡಿದ್ದು 1941ರ ಆ ದಿನ. ಯುವಕರಾಗಿದ್ದಾಗ ಅವರು ಕಾರವಾರಕ್ಕೆ ಬಂದಿದ್ದರು, ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಾಳಿಯ ಹಳೇ ಸೇತುವೆ ನಡುರಾತ್ರಿ ಲಾರಿ ಸಮೇತ ಕುಸಿದಿದ್ದು 2024ರ ಆಗಸ್ಟ್ 7. ಇವೆರಡನ್ನೂ ಒಂದೇ ಕಲ್ಲಿನ ಮೇಲೆ ಬಿಳಿ ಬಳಪದಲ್ಲಿ ಬರೆದ ದಿನ ಅಂಗಡಿ ಮುಂದೆ ಜನ ಕರಗಲೇ ಇಲ್ಲ. ಇಂಥ ಜೋಡಿ ನಿಮಗೆ ಯಾವ ಮೊಬೈಲೂ ಹುಡುಕಿಕೊಡುವುದಿಲ್ಲ.

ತಾರೀಕಿನ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಗಿಡ ನೆಟ್ಟು ಹೆಸರಾದ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡಿದ್ದು 2024ರ ಡಿಸೆಂಬರ್ 16, 1971ರಲ್ಲಿ ಢಾಕಾದಲ್ಲಿ ಪಾಕ್ ಸೇನೆ ಶರಣಾದ ದಿನ. ತಬಲಾದ ಜಾಕಿರ್ ಹುಸೇನರು ತೀರಿಕೊಂಡ ಸುದ್ದಿಯೂ ನಮಗೆ ಮುಟ್ಟಿದ್ದು ಅದೇ ಹೊತ್ತಿಗೆ. ‘ಅವರನ್ನೂ ಸೇರಿಸು’ ಅಂತ ಒತ್ತಾಯ ಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಗ ಇನ್ನೂ 15. ಅವರ ಸಾಲು 15ಕ್ಕೇ ಹೋಯಿತು. ಜೂನ್ 1ರ ಜನನಗಳನ್ನಂತೂ ನಾನು ಸುಲಭಕ್ಕೆ ನಂಬುವುದಿಲ್ಲ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಕು ಅದು ಅಂತ ನಿಮಗೂ ಗೊತ್ತು, ಅಲ್ವಾ? ಷೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಒಂದೇ ದಿನ ಸತ್ತರು ಅನ್ನುವುದನ್ನೂ ಬರೆಯುವುದಿಲ್ಲ. 1616ರಲ್ಲಿ ಇಂಗ್ಲೆಂಡಿನದ್ದು ಹಳೇ ಕ್ಯಾಲೆಂಡರು, ಸ್ಪೇನಿನದ್ದು ಹೊಸದು. ನಡುವೆ ಹತ್ತು ದಿನಗಳ ಅಂತರ.

ಒಮ್ಮೆ ಸುಮ್ನೆ ವಾರವಿಡೀ ಪುಣ್ಯತಿಥಿಗಳನ್ನೇ ಬರೆದು ನೋಡಿದೆ. ‘ಅಂಗಡಿ ಮುಂದೆ ದಿನಾ ಶ್ರದ್ಧಾಂಜಲಿ ಬೇಡವೋ’ ಅಂದರು ಪಕ್ಕದ ಹೋಟೆಲಿನವರು. ಪಂಚಾಂಗದ ಲೆಕ್ಕವನ್ನೂ ಒಂದಷ್ಟು ತಿಂಗಳು ಹಿಡಿದೆ. ಬಂಗಾಲದವರು ಟಾಗೋರರ ಜಯಂತಿ ಮಾಡುವುದು ಅವರ ವೈಶಾಖ 25ಕ್ಕೆ, ಅದು ಮೇ 8ಕ್ಕೋ 9ಕ್ಕೋ ಬರುತ್ತದೆ. ನಮಗೆ ಮೇ 7. ಶಾಲೆಯವರಿಗೆ ಗೊಂದಲವಾಯಿತು, ಕೈಬಿಟ್ಟೆ.

ಎರಡು ವರ್ಷದ ಕೆಳಗೆ ಈ ಸಾಲುಗಳನ್ನೇ ದಿನಕ್ಕೊಂದು ಹಾಳೆಯ ಕ್ಯಾಲೆಂಡರ್ ಮಾಡಿಸಿದೆ. ಮುನ್ನೂರು ಪ್ರತಿ, ಒಂದಕ್ಕೆ ನೂರು ರೂಪಾಯಿ ಹತ್ತಿರ ಬಿತ್ತು, ನೂರೈವತ್ತಕ್ಕೆ ಮಾರಿದೆ. ಮುದ್ರಣದವರು ವಾರದ ಹೆಸರು ಹಾಕೋಣ ಅಂದರು, ನಾನು ಬೇಡವೆಂದೆ. ಬರೀ ತಾರೀಕಿದ್ದರೆ ಈ ವರ್ಷ ಉಳಿದ ಪ್ರತಿ ಮುಂದಿನ ವರ್ಷವೂ ಹೋಗುತ್ತದೆ. ಹಾಗೇ ಹೋದವು, ಈಗ ಹತ್ತಿಪ್ಪತ್ತು ಉಳಿದಿರಬಹುದು. ಫೆಬ್ರವರಿ 29ಕ್ಕೂ ಹಾಳೆ ಹಾಕಿಸಿದ್ದೇನೆ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಆ ದಿನ, ಅವರು ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ ನಮ್ಮ ಜಿಲ್ಲೆಯೂ ಅವರ ಆಡಳಿತಕ್ಕೇ ಸೇರಿತ್ತು. ಮಾಡಿಸುವವರಿದ್ದರೆ 366 ಹಾಳೆಗೇ ದರ ಮಾತಾಡಿ.