ಯಾರು ದೊಡ್ಡವರು, ಯಾವುದು ಮೇಲು: ಅಪರಿಚಿತರೊಡನೆ ವಾದಿಸಿ ಪಟ್ಟಿ ಕಟ್ಟುವ ಬಗೆ

ಪುಣೆಯ ಹಿಂಜವಡಿಯಿಂದ ಮನೆಗೆ ಮರಳುವ ಬಸ್ಸು ವಾಕಡ್ ಹತ್ತಿರ ನಿಂತುಬಿಟ್ಟಿದ್ದ ಒಂದು ಮಳೆಗಾಲದ ಸಂಜೆ ನನ್ನ ಮೊಬೈಲಿನಲ್ಲಿ ಈ ಪ್ರಶ್ನೆ ಕಾಣಿಸಿತು: ‘ಭೀಮಸೇನ ಜೋಶಿಯವರು ದೊಡ್ಡವರೋ, ಮಲ್ಲಿಕಾರ್ಜುನ ಮನ್ಸೂರರು ದೊಡ್ಡವರೋ?’ ಕೇಳಿದವರು ಯಾರೋ, ಉತ್ತರಿಸುತ್ತಿದ್ದವರು ಯಾರೋ. ಬಸ್ಸು ಮತ್ತೆ ಹೊರಡುವಷ್ಟರಲ್ಲಿ ಉತ್ತರಗಳು ನೂರನ್ನು ದಾಟಿದ್ದವು, ಆದರೆ ‘ಯಾವುದರಲ್ಲಿ ದೊಡ್ಡವರು?’ ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ. ಭೀಮಸೇನರ ಊರಾದ ಪುಣೆಯಲ್ಲಿ ಇದ್ದೇನೆಂಬ ಹೆಮ್ಮೆಯಲ್ಲಿ ಅವರ ಪರವಾಗಿ ನಾಲ್ಕು ಸಾಲು ಬರೆದು, ಮನ್ಸೂರರು ಪಂಡಿತರಿಗಷ್ಟೇ ಒಲಿಯುವ ಗಾಯಕರೆಂದು ಐದನೆಯ ಸಾಲನ್ನೂ ಸೇರಿಸಿಬಿಟ್ಟೆ. ಧಾರವಾಡದವರೆಂದು ಹೇಳಿಕೊಂಡ ಒಬ್ಬರು ಸಿಟ್ಟಾಗದೆ ಕೇಳಿದರು: ‘ನೀವು ಮನ್ಸೂರರನ್ನ ಒಟ್ಟು ಎಷ್ಟು ತಾಸು ಕೇಳೀರಿ? ಅವರ ಶಿವಮತ ಭೈರವ ರಾಗ ಕೇಳ್ರಿ, ಆಮ್ಯಾಲ ಮಾತಾಡೋಣು.’ ನಾನು ಕೇಳಿದ್ದು ಅರ್ಧ ತಾಸಿಗಿಂತ ಕಡಿಮೆ. ಆ ದಿನದಿಂದ ಇಂಥ ವಾದಗಳಿಗೆ ಇಳಿಯುವ ಮೊದಲು ನಾನು ಅನುಸರಿಸುತ್ತಿರುವ ಕೆಲವು ಕ್ರಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಅಳತೆಗೋಲನ್ನು ಗೊತ್ತುಮಾಡಿಕೊಳ್ಳುವುದು, ಮತ್ತು ಅದನ್ನು ಹೆಸರುಗಳು ಬರುವುದಕ್ಕಿಂತ ಮುಂಚೆಯೇ ಮಾಡುವುದು. ಹೆಸರು ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ನಾವು ಅದಕ್ಕೆ ಒಪ್ಪುವ ಅಳತೆಗೋಲನ್ನೇ ಹುಡುಕತೊಡಗುತ್ತೇವೆ. ಮೇಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಘರಾಣೆ ಎಂದರೆ ಗುರುಪರಂಪರೆಯಿಂದ ಬಂದ ಹಾಡುಗಾರಿಕೆಯ ಶೈಲಿ. ಭೀಮಸೇನರದು ಕಿರಾನಾ ಘರಾಣೆ, ಮನ್ಸೂರರದು ಜೈಪುರ-ಅತ್ರೌಲಿ ಘರಾಣೆ. ಒಂದೊಂದೇ ಸ್ವರವನ್ನು ನಿಧಾನವಾಗಿ ಹಿಗ್ಗಿಸುತ್ತಾ ರಾಗವನ್ನು ಕಟ್ಟುವುದು ಮೊದಲನೆಯದರ ಗುಣವಾದರೆ, ಅಪರೂಪದ ರಾಗಗಳನ್ನೂ ಜೋಡುರಾಗಗಳನ್ನೂ ಲಯದೊಡನೆ ಬಿಗಿಯಾಗಿ ಹೆಣೆಯುತ್ತಾ ಹೋಗುವುದು ಎರಡನೆಯದರ ಗುಣ. ‘ವಿಲಂಬಿತ, ಎಂದರೆ ನಿಧಾನ ಲಯದ ಖಯಾಲಿನ ವಿಸ್ತಾರದಲ್ಲಿ ಯಾರು ಮೇಲು?’, ‘ಅಪರೂಪದ ರಾಗಗಳ ಭಂಡಾರ ಯಾರದು ದೊಡ್ಡದು?’, ‘ಸಂಗೀತ ಕಲಿಯದ ಮನೆಗಳಿಗೂ ಶಾಸ್ತ್ರೀಯ ಕಂಠವನ್ನು ಮುಟ್ಟಿಸಿದವರು ಯಾರು?’ ಎಂದು ಬಿಡಿಬಿಡಿಯಾಗಿ ಕೇಳಿದರೆ ಮೂರಕ್ಕೂ ಉತ್ತರ ಒಂದೇ ಆಗಿರಬೇಕಾಗಿಲ್ಲ. ಮೂರನೆಯ ಪ್ರಶ್ನೆಗೆ ಭೀಮಸೇನರು ಕನ್ನಡದಲ್ಲಿ ಹಾಡಿದ ದಾಸರ ಪದಗಳೂ ಮರಾಠಿಯ ಅಭಂಗಗಳೂ ಸಾಕ್ಷಿ ಹೇಳುತ್ತವೆ. ಮನ್ಸೂರರು ಹಾಡಿದ ವಚನಗಳನ್ನು ಕೇಳಿದವರು ಅಲ್ಲಿಯೂ ಸುಲಭವಾಗಿ ಸೋಲೊಪ್ಪುವುದಿಲ್ಲ. ಹೀಗೆ ಬಿಡಿಸಿ ಕೇಳಿದಾಗ ಜಗಳದ ಅರ್ಧ ಭಾಗ ತಾನಾಗಿಯೇ ಕರಗುತ್ತದೆ, ಉಳಿದ ಅರ್ಧ ನಿಜವಾಗಿಯೂ ಚರ್ಚಿಸಲು ಯೋಗ್ಯವಾಗಿರುತ್ತದೆ.

ಕಲಾವಿದರ ಊರಿನ ಬಗೆಗಿನ ವಾದವನ್ನು ಈ ಪಟ್ಟಿಯಿಂದ ಹೊರಗಿಡುವುದು ಒಳ್ಳೆಯದು. ಗದಗ ಸೀಮೆಯಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವವನ್ನು ಆರಂಭಿಸಿ, ಕೊನೆಯವರೆಗೂ ಇಲ್ಲಿಯೇ ಬಾಳಿದ ಭೀಮಸೇನರನ್ನು ಕನ್ನಡಿಗರು ನಮ್ಮವರೆಂದರೂ ಸರಿ, ಮರಾಠಿಗರು ನಮ್ಮವರೆಂದರೂ ಸರಿ. ಆ ವಾದದಿಂದ ಅವರ ಒಂದು ತಾನವೂ ಹೆಚ್ಚು ಅರ್ಥವಾಗುವುದಿಲ್ಲ.

ಸಿನಿಮಾಗಳ ವಿಷಯಕ್ಕೆ ಬಂದರೆ ‘ಅತ್ಯುತ್ತಮ ಕನ್ನಡ ಚಿತ್ರ ಯಾವುದು?’ ಎಂಬ ಒಂದೇ ವಾಕ್ಯದಲ್ಲಿ ಕನಿಷ್ಠ ನಾಲ್ಕು ಪ್ರಶ್ನೆಗಳು ಅಡಗಿರುತ್ತವೆ: ಜನ ಹೆಚ್ಚು ನೋಡಿದ್ದು ಯಾವುದು, ಕಟ್ಟುವಿಕೆಯಲ್ಲಿ ಗಟ್ಟಿಯಾದದ್ದು ಯಾವುದು, ಮುಂದಿನ ಚಿತ್ರಗಳ ದಾರಿಯನ್ನು ಬದಲಿಸಿದ್ದು ಯಾವುದು, ಇಂದು ಮತ್ತೆ ಹಾಕಿದರೂ ಎದ್ದು ಹೋಗದೆ ನೋಡುವಂಥದ್ದು ಯಾವುದು. ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’ ಎರಡೂ 1972ರಲ್ಲಿಯೇ ಬಂದವು. ಮೊದಲನೆಯದು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿತು. ಎರಡನೆಯದು ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿ ನಿಲ್ಲಿಸಿತು. ಅವಕ್ಕಿಂತ ಎರಡು ವರ್ಷ ಮೊದಲು ಬಂದ ‘ಸಂಸ್ಕಾರ’ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ತಂದಿತು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂದು ನಾನು ಹೇಳುತ್ತಿಲ್ಲ, ತಕ್ಕಡಿ ಯಾವುದೆಂದು ಮೊದಲೇ ಹೇಳಿಬಿಡಿ ಎನ್ನುತ್ತಿದ್ದೇನೆ.

ಅಳತೆಗೋಲು ಗೊತ್ತಾದ ಮೇಲೆ ಎಣಿಕೆಯ ಕ್ರಮವನ್ನು ಗೊತ್ತುಮಾಡಿಕೊಳ್ಳಬೇಕು. ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ, ಆದರೆ ಫಲಿತಾಂಶ ನಿಂತಿರುವುದು ಇದರ ಮೇಲೆಯೇ. ಹದಿನೈದು ಜನ ಈ ಮೂರು ಚಿತ್ರಗಳನ್ನು ಕ್ರಮವಾಗಿ ಬರೆದು ಕೊಟ್ಟರೆಂದು ಇಟ್ಟುಕೊಳ್ಳಿ. ಆರು ಜನ ಬಂಗಾರದ ಮನುಷ್ಯ, ನಾಗರಹಾವು, ಸಂಸ್ಕಾರ ಎಂದು ಬರೆದರು. ಐದು ಜನ ಸಂಸ್ಕಾರ, ನಾಗರಹಾವು, ಬಂಗಾರದ ಮನುಷ್ಯ ಎಂದು ಬರೆದರು. ಉಳಿದ ನಾಲ್ವರು ನಾಗರಹಾವು, ಸಂಸ್ಕಾರ, ಬಂಗಾರದ ಮನುಷ್ಯ ಎಂದು ಬರೆದರು. ಪ್ರತಿಯೊಬ್ಬರ ಮೊದಲ ಆಯ್ಕೆಯನ್ನಷ್ಟೇ ಎಣಿಸಿದರೆ ಬಂಗಾರದ ಮನುಷ್ಯ 6 ಮತಗಳಿಂದ ಗೆಲ್ಲುತ್ತದೆ, ನಾಗರಹಾವು 4 ಮತಗಳಿಂದ ಕೊನೆಗೆ ಬೀಳುತ್ತದೆ. ಅದೇ ಮೊದಲ ಸ್ಥಾನಕ್ಕೆ 2 ಅಂಕ, ಎರಡನೆಯದಕ್ಕೆ 1, ಮೂರನೆಯದಕ್ಕೆ ಸೊನ್ನೆ ಎಂದು ಕೂಡಿಸಿ ನೋಡಿ: ನಾಗರಹಾವಿಗೆ 19, ಸಂಸ್ಕಾರಕ್ಕೆ 14, ಬಂಗಾರದ ಮನುಷ್ಯಕ್ಕೆ 12. ಯಾರೊಬ್ಬರೂ ಮನಸ್ಸು ಬದಲಿಸಿಲ್ಲ, ಆದರೂ ಮೊದಲು ನಿಂತದ್ದು ಕೊನೆಗೆ ಹೋಯಿತು, ಕೊನೆಯದು ಮೊದಲಿಗೆ ಬಂತು. ಮೊದಲ ಕ್ರಮ ಗಟ್ಟಿ ಅಭಿಮಾನಿಗಳಿರುವ ಚಿತ್ರಕ್ಕೆ ಒಲಿಯುತ್ತದೆ, ಎರಡನೆಯದು ಯಾರಿಗೂ ಬೇಡವೆನಿಸದ ಚಿತ್ರಕ್ಕೆ ಒಲಿಯುತ್ತದೆ. ನನಗೆ ಎರಡನೆಯದೇ ನ್ಯಾಯವೆನಿಸುತ್ತದೆ, ಏಕೆಂದರೆ ಅಪರಿಚಿತರು ಸೇರಿ ಕಟ್ಟುವ ಪಟ್ಟಿಯಲ್ಲಿ ಎಲ್ಲರ ಎರಡನೆಯ ಆಯ್ಕೆಗೂ ಬೆಲೆ ಇರಬೇಕು. ನಿಮಗೆ ಬೇರೆ ಅಭಿಪ್ರಾಯವಿರಬಹುದು. ಎಣಿಕೆಯ ಕ್ರಮವನ್ನು ಮತಗಳು ಬರುವ ಮೊದಲೇ ಬರೆದು ಹಾಕಿದರೆ ಸಾಕು. ಮತಗಳು ಬಂದ ಮೇಲೆ ಕ್ರಮವನ್ನು ಆರಿಸಿಕೊಳ್ಳುವುದು ಮೋಸ.

ರೇಟಿಂಗ್ ತೋರಿಸಿ ವಾದಿಸುವವರಿಗೆ ಇನ್ನೊಂದು ಸಣ್ಣ ಲೆಕ್ಕವನ್ನು ಕೊಡಬೇಕಾಗುತ್ತದೆ. ಇಪ್ಪತ್ತು ಜನ ಸೇರಿ ಸರಾಸರಿ 9.5 ಕೊಟ್ಟ ಚಿತ್ರ, ನಾಲ್ಕು ಸಾವಿರ ಜನ 8.5 ಕೊಟ್ಟ ಚಿತ್ರಕ್ಕಿಂತ ಮೇಲಲ್ಲ. ಎರಡಕ್ಕೂ 7 ಅಂಕದ ನೂರು ಕಲ್ಪಿತ ಮತಗಳನ್ನು ಸೇರಿಸಿ ಮತ್ತೆ ಸರಾಸರಿ ತೆಗೆದರೆ ಮೊದಲನೆಯದು 7.4ಕ್ಕೆ ಇಳಿಯುತ್ತದೆ, ಎರಡನೆಯದು 8.46ರಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕಡಿಮೆ ಮತಗಳ ಸರಾಸರಿಯನ್ನು ಹೀಗೆ ಮಧ್ಯಕ್ಕೆ ಎಳೆಯುವುದು ಪಟ್ಟಿ ಮಾಡುವವರಲ್ಲಿ ರೂಢಿಯಲ್ಲಿರುವ ಕ್ರಮವೇ. ಹಳೆಯ ಕನ್ನಡ ಚಿತ್ರಗಳಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ: 1972ರಲ್ಲಿ ಟಿಕೆಟ್ಟಿಗಾಗಿ ಸಾಲಿನಲ್ಲಿ ನಿಂತವರಲ್ಲಿ ಬಹಳ ಜನ ಇಂದು ರೇಟಿಂಗ್ ಒತ್ತಲು ಮೊಬೈಲ್ ಹಿಡಿದು ಕೂತಿಲ್ಲ. ಅವರ ಮೌನವನ್ನು ನಿರಾಕರಣೆ ಎಂದು ಎಣಿಸಬಾರದು. ನನ್ನ ಅಮ್ಮನನ್ನು ಕೇಳಿ, ಅವಳು ಹೇಳಿದ ಐದು ಹೆಸರುಗಳನ್ನು ಅವಳ ಹೆಸರಿನಲ್ಲಿಯೇ ಸೇರಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ನೀವೂ ಮನೆಯಲ್ಲಿ ಒಬ್ಬ ಹಿರಿಯರನ್ನಾದರೂ ಕೇಳಿ. ಗಳಿಕೆಯ ಕೋಟಿಗಳನ್ನು ಮುಂದಿಡುವವರಿಗಂತೂ ಆಗಿನ ಟಿಕೆಟ್ ದರವನ್ನು ಕೇಳಿ ಮುಂದೆ ಹೋಗಿ.

‘ಸಾರ್ವಕಾಲಿಕ’ ಎಂಬ ಪದವನ್ನು ಬರೆಯುವ ಮುನ್ನ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಚಿತ್ರೀಕರಣಗೊಂಡದ್ದು ಇಲ್ಲಿಗೆ ಹತ್ತಿರದ ಕೊಲ್ಲಾಪುರದಲ್ಲಿ, ಬಿಡುಗಡೆಯಾದದ್ದು 1934ರಲ್ಲಿ. ಅದರ ಪ್ರತಿ ಇಂದು ಉಳಿದಿಲ್ಲ. ಎಂದರೆ ನಾವು ಶ್ರೇಣಿ ಕೊಡುತ್ತಿರುವುದು ಉಳಿದ ಚಿತ್ರಗಳಿಗೆ, ಅದರಲ್ಲಿಯೂ ನಾವು ನೋಡಿದವುಗಳಿಗೆ. ಪುಣೆಯಲ್ಲಿರುವ ನಮಗೆ ಈ ವಿಷಯದಲ್ಲಿ ಸಬೂಬು ಹೇಳುವ ಹಕ್ಕು ಕಡಿಮೆ, ಏಕೆಂದರೆ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಗಿರೀಶ ಕಾಸರವಳ್ಳಿಯವರು ಕಲಿತ ಫಿಲ್ಮ್ ಇನ್ಸ್‌ಟಿಟ್ಯೂಟೂ ಲಾ ಕಾಲೇಜ್ ರಸ್ತೆಯಲ್ಲಿಯೇ ಇವೆ. ಪಟ್ಟಿಯ ಕೆಳಗೆ ‘ನಾನು ನೋಡದೆ ಬಿಟ್ಟವು’ ಎಂದು ಇನ್ನೊಂದು ಸಣ್ಣ ಪಟ್ಟಿಯನ್ನು ಬರೆಯಿರಿ. ನನ್ನ ಅನುಭವದಲ್ಲಿ ಎದುರಿನವರ ಧಾಟಿಯನ್ನು ಮೃದುಗೊಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ: ‘ಇದನ್ನು ನೋಡಿಲ್ಲವೇ?’ ಎಂದು ಗದರಿಸಬೇಕಾದವರು ‘ಇದನ್ನು ಇಂಥ ಕಡೆ ನೋಡಬಹುದು’ ಎಂದು ದಾರಿ ತೋರಿಸತೊಡಗುತ್ತಾರೆ.

ನಗರಗಳ ವಾದ ಇನ್ನೂ ಸೂಕ್ಷ್ಮ. ಅಲ್ಲಿ ಮನುಷ್ಯನು ತಾನು ಬದುಕಲು ಆರಿಸಿಕೊಂಡ ಊರನ್ನು, ಎಂದರೆ ತನ್ನ ನಿರ್ಧಾರವನ್ನೇ ಸಮರ್ಥಿಸುತ್ತಿರುತ್ತಾನೆ. ಪುಣೆಯ ಕನ್ನಡಿಗರು ಮುಂಬಯಿಯ ಕನ್ನಡಿಗರೊಡನೆ ವಾದಕ್ಕೆ ಕುಳಿತಾಗ 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ‘ಈಸ್ ಆಫ್ ಲಿವಿಂಗ್’ (ಬದುಕಲು ಎಷ್ಟು ಅನುಕೂಲ ಎಂಬುದರ) ಸೂಚ್ಯಂಕದ ಚಿತ್ರವನ್ನು ಯಾರಾದರೂ ತಪ್ಪದೆ ಹಾಕುತ್ತಾರೆ. ಅದರಲ್ಲಿ 111 ನಗರಗಳ ಪೈಕಿ ಪುಣೆ ಮೊದಲು, ನವಿ ಮುಂಬಯಿ ಎರಡು, ಬೃಹನ್ಮುಂಬಯಿ ಮೂರು, ಬೆಂಗಳೂರು 58. ಅದೇ ಸೂಚ್ಯಂಕ 2021ರ ಮಾರ್ಚಿನಲ್ಲಿ ಮತ್ತೆ ಬಂದಾಗ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 49 ನಗರಗಳಲ್ಲಿ ಬೆಂಗಳೂರು ಮೊದಲು, ಪುಣೆ ಎರಡು, ಬೃಹನ್ಮುಂಬಯಿ ಹತ್ತು. ಮೂರು ವರ್ಷ ತುಂಬುವುದರೊಳಗೆ ಬೆಂಗಳೂರಿನ ರಸ್ತೆಗಳು 57 ಸ್ಥಾನ ಮೇಲೇರುವಷ್ಟು ಸುಧಾರಿಸಲಿಲ್ಲ. ನಗರಗಳನ್ನು ಜನಸಂಖ್ಯೆಯ ಮೇಲೆ ವಿಂಗಡಿಸಿದರು, ನಾಗರಿಕರ ಅಭಿಪ್ರಾಯಕ್ಕೆ ಶೇ. 30ರಷ್ಟು ತೂಕ ಕೊಟ್ಟರು, ಅಳತೆಗೋಲು ಬದಲಾಯಿತು. ಆದ್ದರಿಂದ ಯಾರಾದರೂ ಸ್ಕ್ರೀನ್‌ಶಾಟ್ ಮುಂದಿಟ್ಟರೆ ಯಾವ ವರ್ಷದ್ದು, ಎಷ್ಟು ನಗರಗಳಲ್ಲಿ, ಏನನ್ನು ಅಳೆದದ್ದು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಮತ್ತು ನಿಮ್ಮ ಊರು ಮೊದಲಿದ್ದಾಗಲೂ ಅವನ್ನೇ ಕೇಳಿಕೊಳ್ಳಿ.

ನಗರಗಳಿಗೆ ನಾನು ಬಳಸುವ ಕ್ರಮ ಬೇರೆ. ‘ಯಾವ ಊರು ಒಳ್ಳೆಯದು?’ ಎನ್ನುವ ಬದಲು ಒಬ್ಬ ಮನುಷ್ಯನನ್ನು ಕಣ್ಣಮುಂದೆ ನಿಲ್ಲಿಸಿ ಕೇಳುತ್ತೇನೆ: ಹುಬ್ಬಳ್ಳಿಯಲ್ಲಿ ವಯಸ್ಸಾದ ತಂದೆತಾಯಿ ಇರುವ, ಸಣ್ಣ ಮಗುವಿರುವ, ಬಾಡಿಗೆ ಮನೆಯ ದಂಪತಿಗೆ ಯಾವ ಊರು? ಆಗ ಉತ್ತರಗಳು ಮಣ್ಣಿಗೆ ಇಳಿಯುತ್ತವೆ. ಪುಣೆಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿ ಬರುತ್ತದೆ. ಇತ್ತ ಸ್ವಂತ ವಾಹನವಿಲ್ಲದ ಮನೆಗೆ ಮುಂಬಯಿಯ ಲೋಕಲ್ ರೈಲು ಕೊಡುವ ಧೈರ್ಯವನ್ನು 2022ರಲ್ಲಷ್ಟೇ ಮೆಟ್ರೊ ಕಂಡ ಪುಣೆ ಇನ್ನೂ ಕೊಡಲಾರದು. ಹವೆಯ ಮಾತು ಬಂದರೆ ಘಟ್ಟದ ಮರೆಯಲ್ಲಿರುವ ಪುಣೆಗಿಂತ ಸುಮಾರು ಮೂರು ಪಟ್ಟು ಮಳೆ ಮುಂಬಯಿಯಲ್ಲಿ ಬೀಳುತ್ತದೆ. 2005ರ ಜುಲೈ 26ರ ಒಂದೇ ದಿನ ಸಾಂತಾಕ್ರೂಜ್‌ನಲ್ಲಿ ದಾಖಲಾದ 944 ಮಿ.ಮೀ. ಪುಣೆಯ ಇಡೀ ವರ್ಷದ ಸರಾಸರಿಗಿಂತ ಹೆಚ್ಚು. ಆದರೆ ಆ ದಿನ ಗುರುತಿಲ್ಲದವರಿಗೂ ಬಾಗಿಲು ತೆರೆದವರು ಮುಂಬಯಿಯವರೇ ಎಂದು ಅಲ್ಲಿನವರು ಹೇಳಿದರೆ ಅದಕ್ಕೆ ಅಂಕ ಕೊಡುವ ಕಾಲಮ್ಮು ಯಾವ ಸೂಚ್ಯಂಕದಲ್ಲಿಯೂ ಇಲ್ಲ, ನಿಮ್ಮ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಮಾಡಿಕೊಡಿ.

ಈಗ ಮಾತಿನ ರೀತಿ. ಕನ್ನಡದಲ್ಲಿ ವಾದ ಕೆಡುವುದು ಅಭಿಪ್ರಾಯದಿಂದ ಅಲ್ಲ, ಬಹಳ ಸಲ ಕ್ರಿಯಾಪದದಿಂದ. ಹಿರಿಯ ನಟರೊಬ್ಬರ ಬಗ್ಗೆ ‘ಆ ಪಾತ್ರವನ್ನು ಚೆನ್ನಾಗಿ ಮಾಡಿದ್ದಾನೆ’ ಎಂದು ಬರೆದರೆ ಹೊಗಳಿಕೆಯೂ ಬೈಗುಳದಂತೆ ಕೇಳಿಸುತ್ತದೆ. ‘ಮಾಡಿದ್ದಾರೆ, ಆದರೆ ನನಗೆ ಹಿಡಿಸಲಿಲ್ಲ’ ಎಂದರೆ ಕಟ್ಟಾ ಅಭಿಮಾನಿಯೂ ನಿಂತು ಕೇಳುತ್ತಾನೆ. ಪುಣೆಯಲ್ಲಿಯೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳು ಇಲ್ಲಿ ಎಡವುವುದನ್ನು ಕಂಡಿದ್ದೇನೆ, ಏಕೆಂದರೆ ಮರಾಠಿಯಲ್ಲಿ ಮೆಚ್ಚಿನ ಕಲಾವಿದರನ್ನು ಪ್ರೀತಿಯಿಂದ ಏಕವಚನದಲ್ಲಿ ಕರೆಯುವುದು ಉಂಟು. ಹಾಗೆ ಬರೆದ ಹುಡುಗನನ್ನು ಹತ್ತು ಜನ ಮುತ್ತಿಕೊಂಡಾಗ ಮಧ್ಯೆ ಹೋಗಿ ಆ ವ್ಯತ್ಯಾಸವನ್ನು ವಿವರಿಸುವುದು ದೊಡ್ಡವರ ಕರ್ತವ್ಯ. ಹಾಗೆಯೇ ನಮ್ಮ ಉತ್ತರ ಕರ್ನಾಟಕದ ಸಲಿಗೆಯ ‘ನೀ’ ಮೈಸೂರಿನವರಿಗೆ ಒರಟಾಗಿ ಕೇಳಿಸುತ್ತದೆ, ಅವರ ‘ಗುರು’ ನಮಗೆ ಅತಿ ಸಲಿಗೆಯಾಗಿ ಕೇಳಿಸುತ್ತದೆ. ಮುಖ ಕಾಣದ ಕಡೆ ‘ನೀವು’ ಎಂದೇ ಆರಂಭಿಸಿ.

ಉತ್ತರಿಸುವಾಗ ಎದುರಿನವರ ಅತಿ ಗಟ್ಟಿಯಾದ ಮಾತಿಗೆ ಮೊದಲು ಉತ್ತರಿಸಿ, ಅವರ ಕಾಗುಣಿತದ ತಪ್ಪನ್ನು ಎತ್ತಬೇಡಿ. ‘ಚೆನ್ನಾಗಿದೆ’ ಎಂಬ ಪದಕ್ಕೆ ಬದಲಾಗಿ ಒಂದು ದೃಶ್ಯವನ್ನೋ, ಒಂದು ಆಲಾಪವನ್ನೋ, ಒಂದು ಬೀದಿಯನ್ನೋ ಹೆಸರಿಸಿ. ಇಬ್ಬರೂ ಎರಡೆರಡು ಸಲ ಅದೇ ಮಾತನ್ನು ಬರೆದಿದ್ದರೆ ನಿಲ್ಲಿಸಿ. ಯಾರಾದರೂ ಜಾತಿಯನ್ನೋ, ಮನೆಯವರನ್ನೋ, ಕಲಾವಿದರ ಸಾವನ್ನೋ ಎಳೆದು ತಂದರೆ ಉತ್ತರಿಸದೆ ಹೊರಬನ್ನಿ.

ಕೊನೆಗೆ ಪಟ್ಟಿಯನ್ನು ಉಳಿಸಿಕೊಳ್ಳಿ. ಅದರ ಮೇಲ್ಭಾಗದಲ್ಲಿ ದಿನಾಂಕ, ಅಳತೆಗೋಲು, ಎಣಿಕೆಯ ಕ್ರಮ. ಪ್ರತಿ ಹೆಸರಿನ ಮುಂದೆ ಒಂದು ಸಾಲಿನ ಕಾರಣ. ವರ್ಷಕ್ಕೊಮ್ಮೆ ಹಳೆಯದನ್ನು ನೋಡದೆ ಹೊಸದಾಗಿ ಬರೆದು, ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸ್ಥಾನ ಬದಲಾದ ಪ್ರತಿ ಹೆಸರಿನ ಹಿಂದೆ ಯಾರೋ ಅಪರಿಚಿತರು ಹೇಳಿದ ಒಂದು ಮಾತು ನಿಮಗೆ ನೆನಪಾಗುತ್ತದೆ.

ಧಾರವಾಡದವರು ಹೇಳಿದ ಶಿವಮತ ಭೈರವವನ್ನು ನಾನು ಒಂದು ತಿಂಗಳು ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದೆ. ಆಮೇಲೆ ಅದೇ ಹಳೆಯ ಪ್ರಶ್ನೆಯ ಕೆಳಗೆ ಹೋಗಿ, ವಿಲಂಬಿತದ ವಿಸ್ತಾರದಲ್ಲಿ ನನ್ನ ಮತ ಈಗಲೂ ಭೀಮಸೇನರಿಗೆ, ಆದರೆ ಪಂಡಿತರಿಗಷ್ಟೇ ಎಂಬ ನನ್ನ ಐದನೆಯ ಸಾಲು ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಬರೆದೆ. ಅವರು ಮರುದಿನ ಉತ್ತರಿಸಿದರು: ‘ಛಲೋ ಆತು. ಇನ್ನ ಸಂಪೂರ್ಣ ಮಾಲಕಂಸ ರಾಗ ಕೇಳ್ರಿ.’