ಚಿಕ್ಕಬಳ್ಳಾಪುರದ ತೋಟದಲ್ಲಿ ಪೀಪಾಯಿ ಸೌನಾ ಕೂರಿಸುವ ಬಗೆ

ಹಂಡೆಯ ಕೆಳಗೆ ಸೌದೆ ಉರಿಸಿ, ಬಚ್ಚಲುಮನೆಯನ್ನೇ ಬೆಚ್ಚಗೆ ಮಾಡಿಕೊಂಡು ಮಿಂದವರಿಗೆ ಸೌನಾದ ಅರ್ಧ ಪಾಠ ಆಗಲೇ ಬಂದಿದೆ. ಉಳಿದರ್ಧವೆಂದರೆ, ಇಲ್ಲಿ ಕಾಯಿಸುವುದು ನೀರನ್ನಲ್ಲ, ಕಲ್ಲನ್ನು. ಮರದ ಕೋಣೆಯಲ್ಲಿ ಒಲೆಯ ಮೇಲೆ ಕಲ್ಲುಗಳನ್ನು ಪೇರಿಸಿ, ಒಳಗಿನ ಗಾಳಿ 80ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲೆ, ಆ ಕಲ್ಲುಗಳಿಗೆ ಒಂದೊಂದೇ ಸೌಟು ನೀರು ಹಾಕಿ, ಏಳುವ ಹಬೆಗೆ ಮೈಯೊಡ್ಡಿ ಕೂರಬೇಕು. ಈ ಪದ್ಧತಿಯ ತವರಾದ ಫಿನ್‌ಲೆಂಡಿನಲ್ಲಿ ಆ ಹಬೆಗೆ ಲೋಯ್ಲು ಎಂಬ ಬೇರೆಯೇ ಹೆಸರಿದೆ. ಅಲ್ಲಿನ ಸೌನಾ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಪೀಪಾಯಿಯನ್ನು ಅಡ್ಡ ಮಲಗಿಸಿದಂತಿರುವ ಸೌನಾದಲ್ಲಿ ಮೇಲಿನ ಮೂಲೆಗಳೇ ಇಲ್ಲದ ಕಾರಣ ಕಾಯಿಸಬೇಕಾದ ಗಾಳಿ ಕಡಿಮೆ, ಕಟ್ಟುವುದೂ ಸುಲಭ. ಕೊರತೆಯೂ ಒಂದಿದೆ. ಬೆಂಚನ್ನು ತೀರ ಎತ್ತರಕ್ಕೆ ಏರಿಸಲಾಗದ್ದರಿಂದ ತಲೆ ಬೆವರುವಾಗ ಪಾದ ತಣ್ಣಗೇ ಉಳಿಯುತ್ತದೆ. ಇದನ್ನು ಒಪ್ಪಿಕೊಂಡೇ ಮುಂದುವರಿಯಬೇಕು, ಇಲ್ಲವೇ ಕಾಲಿಡಲು ಒಂದು ಎತ್ತರದ ಮಣೆ ಮಾಡಿಸಿಕೊಳ್ಳಬೇಕು. ನಾಲ್ವರ ಮನೆಗೆ 1.8 ಮೀಟರ್ ವ್ಯಾಸ, ಅಷ್ಟೇ ಉದ್ದದ ಪೀಪಾಯಿ ಸಾಕು. ನೆಂಟರೆಲ್ಲ ಒಟ್ಟಿಗೆ ಕೂರಲೆಂದು ದೊಡ್ಡದನ್ನು ಕಟ್ಟಿಸಿದರೆ ವರ್ಷವಿಡೀ ಖಾಲಿ ಗಾಳಿಗೆ ಸೌದೆ ಸುಡಬೇಕಾಗುತ್ತದೆ.

ಜಾಗ ಆರಿಸುವಾಗ ಹುಲ್ಲಿನ ಮೆದೆ, ದನದ ಕೊಟ್ಟಿಗೆ ಮತ್ತು ಒಣ ಬೇಲಿಯಿಂದ ದೂರವಿರುವ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಸ್ಥಳವನ್ನು ನೋಡಬೇಕು. ಕೊಂಬೆಗಳು ಹೊಗೆಕೊಳವೆಯ ಮೇಲೆ ಬಾಗಿರಬಾರದು.

ನಮ್ಮ ಕೆಮ್ಮಣ್ಣಿನಲ್ಲಿ ಮರದ ಮೊದಲ ಶತ್ರು ಮಳೆಯಲ್ಲ, ಗೆದ್ದಲು. ಪೀಪಾಯಿಯನ್ನು ಹೊರುವ ತೊಟ್ಟಿಲಿನಂಥ ಮರದ ಆಸರೆಗಳನ್ನು ಯಾವ ಕಾರಣಕ್ಕೂ ನೆಲಕ್ಕೆ ತಾಗಿಸಬಾರದು. ಒಲೆ, ಕಲ್ಲು ಮತ್ತು ಕುಳಿತ ನಾಲ್ವರನ್ನು ಸೇರಿಸಿದರೆ ಒಟ್ಟು ಭಾರ ಮುಕ್ಕಾಲು ಟನ್ನಿನ ಆಸುಪಾಸು ಬರುವುದರಿಂದ, ಅರ್ಧ ಅಡಿ ಮೇಲ್ಮಣ್ಣು ತೆಗೆದು, ಜಲ್ಲಿ ಹಾಕಿ ದಮ್ಮಸು ಮಾಡಿ, ಅದರ ಮೇಲೆ ಕಲ್ಲುಚಪ್ಪಡಿ ಹಾಸಿ, ನೀರುಮಟ್ಟದಿಂದ ಸಮ ನೋಡಬೇಕು. ದ್ರಾಕ್ಷಿ ಚಪ್ಪರಕ್ಕೆ ನೆಡುವ ಕಲ್ಲುಕಂಬಗಳು ತೋಟದ ಮೂಲೆಯಲ್ಲಿ ಮುರಿದು ಬಿದ್ದಿದ್ದರೆ, ಅವನ್ನೇ ಚಪ್ಪಡಿಯ ಮೇಲೆ ಅಡ್ಡಲಾಗಿ ಮಲಗಿಸಿ ಆಸರೆಯ ಕೆಳಗೆ ಕೊಡಬಹುದು. ಸಿಮೆಂಟಿನ ದಿಂಡಿಗಿಂತ ಇದೇ ಮೇಲು. ಹೀಗೆ ಎತ್ತರಿಸಿದರೆ ಅಡಿಯಲ್ಲಿ ಗಾಳಿಯಾಡುತ್ತದೆ, ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿದರೂ ತಿಂಗಳಿಗೊಮ್ಮೆ ಬಗ್ಗಿ ನೋಡುವವರ ಕಣ್ಣಿಗೆ ಅದು ಬೀಳುತ್ತದೆ.

ಹೊರದೇಶದ ಕಿಟ್‌ಗಳಲ್ಲಿ ಬರುವುದು ಸಾಮಾನ್ಯವಾಗಿ ಸೀಡರ್ ಅಥವಾ ಶಾಖದಿಂದ ಹದಗೊಳಿಸಿದ ಸ್ಪ್ರೂಸ್. ಬಡಗಿಯಿಂದ ಇಲ್ಲೇ ಮಾಡಿಸುವುದಾದರೆ ಹೊರಮೈಗೆ ಚೆನ್ನಾಗಿ ಒಣಗಿದ ತೇಗ ನಂಬಿಕಸ್ಥ ಮರ. ಸುತ್ತಲೂ ಹೇರಳವಾಗಿರುವ ನೀಲಗಿರಿ ತಿರುಚುತ್ತದೆ, ಸೀಳುತ್ತದೆ. ಅದು ಒಲೆಗೆ ಮಾತ್ರ ಯೋಗ್ಯ. ಅಂಟು ಒಸರುವ ಪೈನ್ ಅನ್ನು ಬೆಂಚಿಗೆ ಬಳಸಿದರೆ ಕಾವಿಗೆ ಅಂಟು ಕರಗಿ ಚರ್ಮಕ್ಕೆ ಹತ್ತುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪದ, ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಹಿಡಿದು ಕೂರುವ ಸುಮಾರು 60 ಪಟ್ಟಿಗಳನ್ನು ಜೋಡಿಸಿ, ಹೊರಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಾಗಳನ್ನು ಬಿಗಿಯಬೇಕು. ಎತ್ತಿನ ಗಾಡಿಯ ಚಕ್ರಕ್ಕೆ ಹಳಿ ತೊಡಿಸುವುದನ್ನು ನೋಡಿದವರಿಗೆ ಈ ಕೆಲಸ ಹೊಸದೆನಿಸದು. ವ್ಯತ್ಯಾಸವೆಂದರೆ ಇಲ್ಲಿ ಪಟ್ಟಾ ಬೋಲ್ಟಿನಿಂದ ಸಡಿಲಿಸಿ ಬಿಗಿಯುವಂತಿರಬೇಕು. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಮರ ಕುಗ್ಗಿ ಸಂದು ಬಿಟ್ಟಾಗ ಬಿಗಿಯಬೇಕು, ಮಳೆಗಾಲದಲ್ಲಿ ಹಿಗ್ಗಿದಾಗ ತುಸು ಸಡಿಲಿಸಬೇಕು. ಒಳಮೈಗೆ ಬಣ್ಣವಾಗಲಿ ವಾರ್ನಿಷ್ ಆಗಲಿ ಬೇಡ. ಬೆಂಚಿನ ತಿರುಪುಗಳನ್ನು ಅಡಿಯಿಂದಲೇ ಹಾಕಿಸಿ. ಮೇಲೆ ತಲೆಯೆತ್ತಿದ ಕಬ್ಬಿಣ ತೊಡೆಯನ್ನು ಸುಡುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು, ಅದಕ್ಕೆ ಅಗುಳಿ ಇರಬಾರದು.

ವಿದ್ಯುತ್ ಒಲೆಯೋ ಸೌದೆ ಒಲೆಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸೌದೆ. ಈ ಅಳತೆಯ ಪೀಪಾಯಿಗೆ 6 ಕಿಲೋವ್ಯಾಟ್ ಹೀಟರ್ ಧಾರಾಳವಾದರೂ, 230 ವೋಲ್ಟಿನಲ್ಲಿ ಅದು ಸುಮಾರು 26 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ಮನೆಯ ವಯರಿಂಗ್ ಅದನ್ನು ತಾಳದು. ಅದೇ ಬೇಕೆನ್ನುವವರು ಬೆಸ್ಕಾಂನಿಂದ ಮಂಜೂರಾದ ಲೋಡ್ ಹೆಚ್ಚಿಸಿಕೊಂಡು, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನಿಂದ ಪ್ರತ್ಯೇಕ ಲೈನು, ಪ್ರತ್ಯೇಕ ಬ್ರೇಕರ್ ಮತ್ತು ಸರಿಯಾದ ಅರ್ಥಿಂಗ್ ಹಾಕಿಸಬೇಕು. ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ತಂತಿ ಎಳೆಯುವುದು ಅಪಾಯವೂ ಹೌದು, ಅಪರಾಧವೂ ಹೌದು. ಸೌದೆ ಒಲೆಗಾದರೆ ಸರ್ವೆ, ನೀಲಗಿರಿ ಎರಡೂ ಕೈಗೆ ಸಿಗುತ್ತವೆ. ಕೊಳವೆ ಮರವನ್ನು ದಾಟುವೆಡೆ ನಡುವೆ ಶಾಖನಿರೋಧಕ ತುಂಬಿದ ಜೋಡಿ ಗೋಡೆಯ ಕೊಳವೆಯೇ ಬೇಕು, ತುದಿಯಲ್ಲಿ ಕಿಡಿ ತಡೆಯುವ ಜಾಲರಿ ಇರಬೇಕು. ಒಲೆಗೂ ಮರಕ್ಕೂ ನಡುವೆ ತಯಾರಕರು ಹೇಳಿದಷ್ಟು ಅಂತರ ಬಿಡಬೇಕು. ಒಲೆಯ ಬಳಿ ಕೆಳಗೊಂದು ಗಾಳಿಕಂಡಿ, ಎದುರು ಗೋಡೆಯಲ್ಲಿ ಇನ್ನೊಂದು, ಎರಡನ್ನೂ ಉರಿ ಇರುವಾಗ ಮುಚ್ಚಬಾರದು. ಗಾಳಿ ಸಾಲದೆ ಉರಿಯುವ ಸೌದೆಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಕಲ್ಲಿನ ವಿಷಯದಲ್ಲಿ ಆತುರ ಬೇಡ. ಸುತ್ತ ಬೇಕಾದಷ್ಟು ಬಂಡೆಯಿರುವಾಗ ಕಲ್ಲಿಗೆ ಹಣ ಕೊಡುವುದೇ ಎಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ನಮ್ಮ ಬಿಳಿಬೂದು ಗ್ರಾನೈಟ್ ಈ ಕೆಲಸಕ್ಕೆ ಸಲ್ಲದು. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಮೇಲ್ಪದರ ಬಿಟ್ಟುಕೊಂಡಾಗ ಅದನ್ನು ಚಪ್ಪಡಿಗಳಾಗಿ ಸೀಳುವುದು ಈ ಸೀಮೆಯ ಕಲ್ಲುಕುಟಿಗರ ಹಳೆಯ ವಿದ್ಯೆ. ಬೆಂಕಿಗೆ ಪದರ ಬಿಡುವ ಕಲ್ಲು ಒಲೆಯ ಮೇಲೂ ಅದನ್ನೇ ಮಾಡುತ್ತದೆ. ಅದರಲ್ಲಿರುವ ಬೆಣಚು 573 ಡಿಗ್ರಿಯ ಹೊತ್ತಿಗೆ ಹಠಾತ್ತನೆ ಹಿಗ್ಗುವುದೂ ಇದಕ್ಕೆ ಒಂದು ಕಾರಣ. ಬೇಕಾದದ್ದು, ಗ್ರಾನೈಟಿನ ನಡುವೆ ಗೋಡೆಯಂತೆ ಹಾದುಹೋಗುವ, ಡಾಲರೈಟ್ ಎಂದು ಕರೆಯುವ ಕರಿಕಲ್ಲು. ಫಿನ್‌ಲೆಂಡಿನವರು ಸೌನಾಕ್ಕೆ ಬಳಸುವ ಆಲಿವೀನ್ ಡಯಾಬೇಸ್ ಇದರ ದಾಯಾದಿಯೇ. ಪಾಲಿಶ್ ಮಾಡಿದ ತುಂಡುಗಳಿಗೆ ರಾಳ ಹಚ್ಚಿರುವ ಸಂಭವವಿರುವುದರಿಂದ ಅವು ಬೇಡ, ಕೆರೆಯಿಂದ ಎತ್ತಿದ ಹಸಿ ಕಲ್ಲೂ ಬೇಡ; ಒಳಗೆ ಸಿಕ್ಕ ನೀರು ಹಬೆಯಾಗಿ ಕಲ್ಲನ್ನು ಸಿಡಿಸಬಹುದು. ಮುಷ್ಟಿಗಿಂತ ತುಸು ದೊಡ್ಡ ಕಲ್ಲುಗಳನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಹೊರಗಿನ ಒಲೆಯಲ್ಲಿ ನಿಧಾನವಾಗಿ ಕಾಯಿಸಿ, ದೂರ ನಿಂತು ನೀರು ಚಿಮುಕಿಸಬೇಕು. ಆರಿದ ಮೇಲೆ ಒಂದಕ್ಕೊಂದು ತಟ್ಟಿದಾಗ ಗಟ್ಟಿ ನಾದ ಕೊಟ್ಟವನ್ನು ಇಟ್ಟುಕೊಂಡು, ಬೊದ್ದು ಸದ್ದಿನವನ್ನೂ ಮರಳುದುರುವವನ್ನೂ ಎಸೆಯಬೇಕು. ಪೇರಿಸುವಾಗ ನಡುವೆ ಗಾಳಿ ನುಸುಳುವಷ್ಟು ಸಂದು ಬಿಟ್ಟು, ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿ ನೋಡಬೇಕು.

ಸಾವಿರ ಅಡಿ ಕೊರೆದು ತೆಗೆದ ಬೋರ್‌ವೆಲ್ಲಿನ ಗಡಸು ನೀರು ಕಲ್ಲಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅರ್ಧ ಬಕೆಟ್ ಸಾಕಾಗುವ ಕೆಲಸವಾದ್ದರಿಂದ ಹಿಡಿದಿಟ್ಟ ಮಳೆನೀರನ್ನೇ ಬಳಸುವುದು ಸೂಕ್ತ.

ಮೊದಲ ಸಲ ಯಾರೂ ಒಳಗೆ ಕೂರದೆ, ಬಾಗಿಲು ತೆರೆದು ಒಂದೆರಡು ಗಂಟೆ ಉರಿಸಿ, ಒಲೆಯ ಹೊಸ ಬಣ್ಣದ ವಾಸನೆ ಹೋಗಲು ಬಿಡಬೇಕು. ಆಮೇಲೆ ಒಂದು ಸರದಿಗೆ ಹತ್ತರಿಂದ ಹದಿನೈದು ನಿಮಿಷ ಸಾಕು. ಹೃದ್ರೋಗ, ರಕ್ತದೊತ್ತಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಒಳಗೆ ಹೋಗಬಾರದು, ಕುಡಿದವರು ಹೋಗಲೇಬಾರದು. ಮೈಗೆ ಎಣ್ಣೆ ಹಚ್ಚಿಕೊಂಡು ಕೂರುವ ಆಸೆಯನ್ನು ಹಬ್ಬದ ಬಚ್ಚಲಿಗೆ ಮೀಸಲಿಡಬೇಕು, ಏಕೆಂದರೆ ಬೆಂಚು ಹೀರಿದ ಎಣ್ಣೆ ಮುಂದಿನ ಸಲ ಕಮಟು ನಾರುತ್ತದೆ. ಹೊರಬಂದು ತಣ್ಣೀರು ಸುರಿದುಕೊಳ್ಳಲು ಒಂದು ತೊಟ್ಟಿ, ಒಂದು ಚೊಂಬು ಇದ್ದರಾಯಿತು. ಪಕ್ಕದ ಕೃಷಿ ಹೊಂಡಕ್ಕೆ ಮಾತ್ರ ಇಳಿಯಬೇಡಿ. ಪ್ಲಾಸ್ಟಿಕ್ ಹಾಸಿದ ಅದರ ಇಳಿಜಾರಿನಲ್ಲಿ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಎಲ್ಲರೂ ಹೊರಬಂದ ಮೇಲೆ ಬೆಂಚಿನ ಹಲಗೆಗಳನ್ನು ಒರೆಸಿ, ಒಲೆ ಆರುವವರೆಗೆ ಬಾಗಿಲನ್ನೂ ಗಾಳಿಕಂಡಿಗಳನ್ನೂ ತೆರೆದಿಟ್ಟರೆ, ಉಳಿದ ಕಾವಿಗೇ ಒಳಗಿನ ಮರ ಒಣಗುತ್ತದೆ. ಬೂದಿಯನ್ನು ಮರುದಿನ, ಪೂರ್ತಿ ತಣ್ಣಗಾದ ಮೇಲೆ ತೆಗೆಯಬೇಕು.